ಮೂವತ್ತಾರು ಸುತ್ತು

ಕಳೆದ ತಿಂಗಳು ಮಗನ ಶಾಲೆಯಿಂದ ಎರಡು ಪುಟದ ಅರ್ಜಿಯೊಂದು ಬಂತು. ಅವನೀಗ ಆರನೆಯ ತರಗತಿ. ಮಕ್ಕಳು ತಾವೇ ಏನನ್ನಾದರೂ ಮಾಡಿ ನೋಡುವ ಶಾಲೆಯ ಟಿಂಕರಿಂಗ್ ಲ್ಯಾಬಿಗೆ ಮಕ್ಕಳನ್ನು ಆರಿಸಿಕೊಳ್ಳುತ್ತಾರಂತೆ; ಅದಕ್ಕೂ ಮೊದಲು ಪೋಷಕರು ಒಂದಷ್ಟು ಪ್ರಶ್ನೆಗಳಿಗೆ ಉತ್ತರ ಬರೆದು ಕೊಡಬೇಕು. ಹೆಸರು, ರಕ್ತದ ಗುಂಪು, ಅಲರ್ಜಿ ಇದೆಯೇ ಎಂಬುದನ್ನೆಲ್ಲ ಬ್ಯಾಂಕಿನ ಊಟದ ಬಿಡುವಿನಲ್ಲಿಯೇ ತುಂಬಿದೆ. ಏಳನೆಯ ಪ್ರಶ್ನೆಗೆ ಬಂದಾಗ ಪೆನ್ನು ನಿಂತಿತು. ‘ಹೊಸ ವಸ್ತುಗಳನ್ನು ತಯಾರಿಸುವ ಆಸಕ್ತಿ ಮಗುವಿನಲ್ಲಿ ಬೆಳೆಯಲು ಮನೆಯಲ್ಲಿ ಎಂಥ ವಾತಾವರಣ ಕಲ್ಪಿಸಿದ್ದೀರಿ?’ ಕೆಳಗೆ ನಾಲ್ಕು ಗೆರೆಯಷ್ಟು ಜಾಗ.

ಆ ‘ಕಲ್ಪಿಸಿದ್ದೀರಿ’ ಎಂಬ ಮಾತು ಅಂದಿನಿಂದ ತಲೆಯಲ್ಲಿ ಕೂತಿದೆ. ಮದುವೆ ಮನೆಗೆ ಶಾಮಿಯಾನ ಹಾಕಿಸಿದ ಹಾಗೆ ಮಕ್ಕಳ ತಲೆಯ ಮೇಲೆ ವಾತಾವರಣವನ್ನೂ ಹಾಕಿಸಬಹುದು ಎಂಬಂತಿದೆ ಅದು. ನಾನು ತುಮಕೂರಿನ ಒಂದು ಬ್ಯಾಂಕಿನಲ್ಲಿ ಗುಮಾಸ್ತೆ. ಓದಿದ್ದು ಬಿ.ಕಾಂ. ಆದರೂ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಯಾರ ಮನೆಯ ಮಿಕ್ಸಿ ನಿಂತರೂ ನಮ್ಮ ಬಾಗಿಲಿಗೆ ಬರುತ್ತದೆ. ತಳದ ರಬ್ಬರ್ ಕಾಲುಗಳನ್ನು ಕಿತ್ತು, ಅವುಗಳ ಅಡಿಯಲ್ಲಿ ಅವಿತಿರುವ ಸ್ಕ್ರೂ ಬಿಚ್ಚಿ, ಸವೆದ ಕಾರ್ಬನ್ ಬ್ರಷ್ ತೆಗೆದು ಹೊಸದು ಹಾಕಿಕೊಡುತ್ತೇನೆ. ಹಣ ತೆಗೆದುಕೊಳ್ಳುವುದಿಲ್ಲ, ಒಳಗೆ ಏನಾಗಿದೆ ಎಂದು ನೋಡಲು ಸಿಕ್ಕಿತಲ್ಲ, ಅದೇ ಕೂಲಿ. ಬಾಲ್ಕನಿಯಲ್ಲಿ ಹಳೆಯ ಮಂಚದ ಪಟ್ಟಿಗಳಿಂದ ಮಾಡಿದ ಪುಟ್ಟ ಮಗ್ಗವಿದೆ. ಅದರಲ್ಲಿ ನೇಯ್ದ ಕಾಲೊರಸುಗಳು ನೆಂಟರ ಮನೆಗಳನ್ನೆಲ್ಲ ಸೇರಿ, ಈಗ ಅವರು ನಮ್ಮ ಮನೆಗೆ ಬರಲು ಸ್ವಲ್ಪ ಹೆದರುತ್ತಾರೆ. ಈ ಚಟ ನನಗೆ ಎಲ್ಲಿಂದ ಹತ್ತಿತು ಎಂದು ಕೇಳಿದರೆ ಹೇಳಬಲ್ಲೆ. ಯಾರು ಕಲ್ಪಿಸಿದರು ಎಂದು ಕೇಳಿದರೆ ಉತ್ತರವಿಲ್ಲ. ನಾಲ್ಕು ಗೆರೆಯಲ್ಲಂತೂ ಇಲ್ಲ.

ಪಡಸಾಲೆಯಲ್ಲಿ ಒಂದು ಅಂಗಡಿ

ನಾನು ಬೆಳೆದದ್ದು ಚಳ್ಳಕೆರೆಯಲ್ಲಿ. ಆ ಊರು ಗೊತ್ತಿದ್ದವರಿಗೆ ಶೇಂಗಾ ಎಣ್ಣೆ ಗಿರಣಿಗಳ ವಾಸನೆಯೂ ಗೊತ್ತಿರುತ್ತದೆ. ನಮ್ಮ ಬೀದಿಗೆ ಇನ್ನೂ ಎರಡು ವಾಸನೆಗಳಿದ್ದವು. ಒಂದು ಕಂಬಳಿಯದು. ಆಚೆ ತುದಿಯ ಮನೆಗಳವರು ಉಣ್ಣೆಯ ಹಾಸನ್ನು ಬೀದಿಯುದ್ದಕ್ಕೂ ಎಳೆದು ಕಟ್ಟಿ, ಹುಣಸೆ ಬೀಜದ ಗಂಜಿಯನ್ನು ಕುಂಚದಿಂದ ಬಳಿಯುತ್ತಿದ್ದರು. ಆ ಹೊತ್ತಿನಲ್ಲಿ ಸೈಕಲ್ಲಿನವರೂ ಇಳಿದು, ಬಗ್ಗಿ, ಪಕ್ಕದಿಂದ ತಳ್ಳಿಕೊಂಡು ಹೋಗಬೇಕು, ಯಾರೂ ಗೊಣಗುತ್ತಿರಲಿಲ್ಲ. ಇನ್ನೊಂದು ನಮ್ಮ ಮನೆಯದೇ: ಸುಟ್ಟ ತಾಮ್ರದ ತಂತಿ ಮತ್ತು ವಾರ್ನಿಷ್. ಅಪ್ಪ ಮೋಟಾರು ವೈಂಡಿಂಗ್, ಅಂದರೆ ಸುಟ್ಟ ಮೋಟಾರಿಗೆ ಹೊಸ ತಾಮ್ರದ ತಂತಿ ಸುತ್ತುವ ಕೆಲಸ ಮಾಡುತ್ತಿದ್ದರು. ಪಡಸಾಲೆಯೇ ಅಂಗಡಿ. ಮಳೆ ಕಡಿಮೆಯಾದಷ್ಟೂ ಕೊಳವೆಬಾವಿ ಹೆಚ್ಚು, ಕೊಳವೆಬಾವಿ ಹೆಚ್ಚಾದಷ್ಟೂ ಟಿ.ಸಿ. (ಟ್ರಾನ್ಸ್‌ಫಾರ್ಮರ್) ಮೇಲೆ ಹೊರೆ ಹೆಚ್ಚು, ಹೊರೆ ಹೆಚ್ಚಾದಷ್ಟೂ ವೋಲ್ಟೇಜು ಕಡಿಮೆ, ವೋಲ್ಟೇಜು ಕಡಿಮೆಯಾದರೆ ಮೋಟಾರು ಸುಡುವುದು ಖಾತ್ರಿ. ಕರೆಂಟಿನ ಮೂರು ಫೇಸಿನಲ್ಲಿ ಒಂದು ಹೋದರೂ ಕಂಡೆನ್ಸರ್ ಹಾಕಿ ಓಡಿಸುವವರಿದ್ದರು. ಬೆಳೆ ಒಣಗುತ್ತಿರುವಾಗ ಅವರನ್ನು ಬೈಯುವುದು ಹೇಗೆ? ಊರಿನ ಬರಗಾಲವೇ ನಮ್ಮ ಮನೆಯ ಅನ್ನ ಎಂಬ ಮುಜುಗರ ಅಪ್ಪನಿಗೆ ಸದಾ ಇತ್ತು. 2022ರಲ್ಲಿ ವಾಣಿವಿಲಾಸ ಸಾಗರ 89 ವರ್ಷಗಳ ನಂತರ ಕೋಡಿ ಬಿದ್ದಾಗ, ಎಪ್ಪತ್ತು ದಾಟಿದ ಅವರು ಫೋನಿನಲ್ಲಿ, ‘ನಾನು ಅಂಗಡಿ ಮುಚ್ಚಿದ ಮೇಲೆ ಕೋಡಿ ಬಿತ್ತು ನೋಡು, ದೇವರಿಗೆ ನನ್ನ ಮೇಲೆ ಎಷ್ಟು ಕರುಣೆ’ ಎಂದು ನಕ್ಕರು.

ಸುಟ್ಟ ಮೋಟಾರು ಬಂದರೆ ಮೊದಲ ಕೆಲಸ ಬಿಚ್ಚುವುದಲ್ಲ, ಬರೆಯುವುದು. ಇದನ್ನು ನಾನು ಇಂದಿಗೂ ಬಿಟ್ಟಿಲ್ಲ. ತಂತಿ ಕೂರುವ ಸ್ಲಾಟು ಎಷ್ಟು, ಕಾಯಿಲು (ತಂತಿಯ ಸುರುಳಿ) ಯಾವ ಸ್ಲಾಟಿನಿಂದ ಹೊರಟು ಯಾವುದರಲ್ಲಿ ಇಳಿದಿದೆ, ಒಂದು ಫೇಸಿಗೆ ಎಷ್ಟು ಕಾಯಿಲು, ಜೋಡಣೆ ಸ್ಟಾರೋ ಡೆಲ್ಟಾವೋ, ತಂತಿ ಎಷ್ಟು ಗೇಜು. ಆಮೇಲೆ ಒಂದು ಬದಿಯನ್ನು ಉಳಿಯಿಂದ ಕಡಿದು, ಒಂದು ಕಾಯಿಲನ್ನು ಮಾತ್ರ ಕೆಡದಂತೆ ಎಳೆದು ತೆಗೆದು, ಅದರ ಸುತ್ತುಗಳನ್ನು ಎಣಿಸುವುದು. ಆ ಎಣಿಕೆ ತಪ್ಪಿದರೆ ಉಳಿದದ್ದೆಲ್ಲ ತಪ್ಪು. ಇದೆಲ್ಲ ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ದಾಖಲಾಗುತ್ತಿತ್ತು. ಬೇರೆಯವರ ಮನೆಯಲ್ಲಿ ಅಂಥ ಪುಸ್ತಕದಲ್ಲಿ ಯಾರು ಎಷ್ಟು ಬಾಕಿ ಎಂದು ಇರುತ್ತದೆ. ನಮ್ಮಲ್ಲಿ ಯಾವ ಮೋಟಾರಿನ ಹೊಟ್ಟೆಯಲ್ಲಿ ಏನಿದೆ ಎಂದು ಇರುತ್ತಿತ್ತು. (ಬಾಕಿಯನ್ನೂ ಹೀಗೆಯೇ ಬರೆದಿಟ್ಟಿದ್ದರೆ ಮನೆಗೆ ಮೇಲಿನ ಮಹಡಿ ಬರುತ್ತಿತ್ತು ಎಂದು ಅಮ್ಮ ಈಗಲೂ ಹೇಳುತ್ತಾಳೆ.) ಅಪ್ಪನ ಅಕ್ಷರ ಕೋಳಿ ಕಾಲಿನದು. ನನಗೆ ಕೂಡಿಸಿ ಬರೆಯಲು ಬಂದ ವರ್ಷವೇ ಪುಸ್ತಕ ನನ್ನ ಕೈಗೆ ಬಂತು. ಹೇಳುತ್ತಿದ್ದರು, ಬರೆಯುತ್ತಿದ್ದೆ. ಅರ್ಥವಾಗದೆ ಬರೆದದ್ದು ಯಾವಾಗ ಅರ್ಥವಾಗಿ ಬರೆಯುವುದಾಯಿತೋ ಗೊತ್ತೇ ಆಗಲಿಲ್ಲ.

ಇಲ್ಲಿ ಒಂದು ಸಂಗತಿ ಗಮನಕ್ಕೆ ಬರುತ್ತಿದೆ. ನಮಗೆ ಯಾರೂ ಆಟಿಕೆ ಕೊಡಿಸಿರಲಿಲ್ಲ, ಸರಿ. ಆದರೆ ‘ಆಟಿಕೆಯಿಲ್ಲದ ಬಡತನವೇ ನಮ್ಮನ್ನು ಸೃಷ್ಟಿಶೀಲರನ್ನಾಗಿ ಮಾಡಿತು’ ಎಂದು ಈಗ ಹೊಟ್ಟೆ ತುಂಬಿದವರು ಬರೆಯುವ ಬರಹಗಳನ್ನು ಓದಿದರೆ ನನಗೆ ಸಿಟ್ಟು ಬರುತ್ತದೆ. ನಮ್ಮ ಬೀದಿಯಲ್ಲಿ ನಮಗಿಂತ ಬಡವರಾದ ಮಕ್ಕಳಿದ್ದರು. ಅವರು ಗಿರಣಿಯಲ್ಲಿ ಶೇಂಗಾ ಆರಿಸಲು ಹೋಗುತ್ತಿದ್ದರು. ದಿನವಿಡೀ ಆರಿಸಿದ ಕೈಗೆ ಸಂಜೆ ಏನನ್ನಾದರೂ ಮಾಡಿ ನೋಡುವ ಹುರುಪು ಉಳಿಯುತ್ತಿರಲಿಲ್ಲ. ನಮಗೆ ಇದ್ದದ್ದು ಬಡತನವಲ್ಲ, ಚೂರುಪಾರು. ಒಂದು ಗೇಣಿನ ತಾಮ್ರದ ತಂತಿ, ಹಳದಿ ಇನ್ಸುಲೇಷನ್ ಕಾಗದದ ಕತ್ತರಿಸಿದ ಅಂಚು, ಸ್ಲಾಟಿಗೆ ಬೆಣೆಯಾಗಿ ಹೊಡೆಯುವ ಬಿದಿರಿನ ಸೀಳು, ಸವೆದ ಬೇರಿಂಗಿನಿಂದ ಉದುರಿದ ಉಕ್ಕಿನ ಗೋಲಿ. ಒಂದು ಗೇಣಿಗಿಂತ ಉದ್ದದ ತಂತಿ ಗುಜರಿಯವನ ತಕ್ಕಡಿಗೆ, ಗಿಡ್ಡದ್ದು ನಮಗೆ. ಈ ಕಾನೂನು ಸ್ಪಷ್ಟವಾಗಿತ್ತು. ಜೋಳದ ದಂಟಿನ ಬೆಂಡಿನಲ್ಲಿ ಬಂಡಿ ಮಾಡುವ ವಿದ್ಯೆ ಬೀದಿಯ ಎಲ್ಲ ಮಕ್ಕಳಿಗೂ ಬರುತ್ತಿತ್ತು. ನಮ್ಮ ಬಂಡಿಗಳಿಗೆ ಮಾತ್ರ ಬೇರಿಂಗ್ ಇರುತ್ತಿತ್ತು.

ಗೋಲಿ

ಹೊಸ ವೈಂಡಿಂಗ್ ಮುಗಿದು, ಒಳಗೆ ತಿರುಗುವ ರೋಟರ್ ಕೂರಿಸುವ ಮೊದಲು, ಅಪ್ಪ ಒಂದು ಪರೀಕ್ಷೆ ಮಾಡುತ್ತಿದ್ದರು. ಮೋಟಾರಿನ ಹೊರಗವಚ ಖಾಲಿ ಹಂಡೆಯ ಹಾಗೆ ಅಡ್ಡ ಮಲಗಿರುತ್ತದೆ. ಅದರೊಳಗೆ ಒಂದು ಉಕ್ಕಿನ ಗೋಲಿಯನ್ನು ಹಾಕುವುದು. ಮೂರೂ ಫೇಸುಗಳ ದಾರಿಯಲ್ಲಿ ದೊಡ್ಡ ಬಲ್ಬುಗಳನ್ನಿಟ್ಟು ಕರೆಂಟನ್ನು ತಗ್ಗಿಸಿ, ಒಂದು ಕ್ಷಣ ಸ್ವಿಚ್ ಒತ್ತುವುದು. ನಾನು ಮೊದಲ ಸಲ ಇದನ್ನು ನೋಡಿದಾಗ ಎಷ್ಟು ವಯಸ್ಸೋ ನೆನಪಿಲ್ಲ. ಮೇಜಿನ ಅಂಚು ನನ್ನ ಗಲ್ಲಕ್ಕೆ ತಾಗುತ್ತಿತ್ತು ಎಂಬುದು ನೆನಪಿದೆ. ಬಲ್ಬುಗಳು ಮಂಕಾಗಿ ಹೊತ್ತಿಕೊಂಡವು. ಗೋಲಿ ಒಮ್ಮೆ ನಡುಗಿತು. ಆಮೇಲೆ ಯಾರೂ ಮುಟ್ಟದೆ, ಯಾವುದೂ ತಳ್ಳದೆ, ಒಳಗೋಡೆಯನ್ನು ಹಿಡಿದು ಮೇಲೇರಿ, ನೆತ್ತಿ ದಾಟಿ, ಆಚೆ ಇಳಿದು, ಮತ್ತೆ ಏರಿ ಗಿರ್ರನೆ ಸುತ್ತತೊಡಗಿತು. ಜಾತ್ರೆಯ ಸರ್ಕಸ್ಸಿನಲ್ಲಿ ಬಾವಿಯೊಳಗೆ ಮೋಟಾರ್ ಸೈಕಲ್ ಓಡಿಸುತ್ತಾರಲ್ಲ, ಹಾಗೆ. ಅಲ್ಲಿ ಒಬ್ಬ ಮನುಷ್ಯನಾದರೂ ಇರುತ್ತಾನೆ. ಇಲ್ಲಿ ಖಾಲಿ ಕಬ್ಬಿಣ.

ಅಪ್ಪ ಏನೂ ವಿವರಿಸಲಿಲ್ಲ. ಅವರಿಗೆ ಅದು ಅಚ್ಚರಿಯಲ್ಲ, ತಪಾಸಣೆ. ಒಂದು ಕಾಯಿಲು ತಿರುವುಮುರುವಾಗಿ ಸೇರಿದ್ದರೆ ಗೋಲಿ ಸುತ್ತದೆ ಅಲ್ಲಲ್ಲಿ ತಡವರಿಸಿ ನಿಲ್ಲುತ್ತದೆ. ಸುತ್ತಿದರೆ ಎಲ್ಲ ಸರಿ. ‘ಸರಿ ಇದೆ’ ಎಂದು ಸ್ವಿಚ್ ಬಿಟ್ಟರು, ಗೋಲಿ ಟಣ್ ಎಂದು ಬಿತ್ತು, ಅವರು ವಾರ್ನಿಷ್ ಡಬ್ಬಿ ಹುಡುಕಲು ಎದ್ದರು. ನಾನು ಅಲ್ಲಿಯೇ ನಿಂತಿದ್ದೆ. ಕೆಲವು ದಿನಗಳ ನಂತರ, ಎರಡು ಫೇಸಿನ ವಯರುಗಳನ್ನು ಅದಲುಬದಲು ಮಾಡಿದರೆ ಗೋಲಿ ಹಿಂದುಮುಂದಾಗಿ ಸುತ್ತುತ್ತದೆ ಎಂದು ಕಂಡಿತು. ಎಷ್ಟೋ ವರ್ಷಗಳ ನಂತರ ಪಿಯುಸಿ ಹುಡುಗಿಯೊಬ್ಬಳ ಭೌತಶಾಸ್ತ್ರದ ಪುಸ್ತಕ ಮಗುಚುವಾಗ, ತಿರುಗುವ ಕಾಂತಕ್ಷೇತ್ರವನ್ನು ಇಟಲಿಯ ಗೆಲಿಲಿಯೊ ಫೆರಾರಿಸ್ 1885ರಲ್ಲಿ ಮಾಡಿ ತೋರಿಸಿದ, ನಿಕೊಲಾ ಟೆಸ್ಲಾ 1888ರಲ್ಲಿ ಪೇಟೆಂಟ್ ಪಡೆದ ಎಂಬ ವಿಷಯಕ್ಕೆ ದಾರಿ ಸಿಕ್ಕಿತು. ಓದಿ ತಿಳಿದಾಗ ಸಂತೋಷವಾಯಿತು, ನಿಜ. ಆದರೆ ಮೇಜಿನ ಅಂಚಿಗೆ ಗಲ್ಲ ತಾಗಿಸಿ ನಿಂತಿದ್ದಾಗ ಆದದ್ದು ಸಂತೋಷವಲ್ಲ, ಒಂದು ಬಗೆಯ ಹಸಿವು.

ಇನ್ನೊಂದು ಸಣ್ಣ ಪ್ರಸಂಗ, ಬಿಡಲಾರದೆ ಹೇಳುತ್ತಿದ್ದೇನೆ. ಮೋಟಾರುಗಳ ತಗಡಿನ ಫಲಕದ ಮೇಲೆ 2,880 ಎಂದಿರುತ್ತಿತ್ತು, ನಿಮಿಷಕ್ಕೆ ಅಷ್ಟು ಸುತ್ತು. ನಮ್ಮ ಕರೆಂಟು ಸೆಕೆಂಡಿಗೆ 50 ಆವರ್ತನದ್ದು, ಹಾಗಾಗಿ ಒಳಗಿನ ಕಾಂತಕ್ಷೇತ್ರ ತಿರುಗುವುದು ನಿಮಿಷಕ್ಕೆ 3,000 ಸಲ ಎಂದು ಅಪ್ಪನೇ ಒಮ್ಮೆ ಹೇಳಿದ್ದರು. ಉಳಿದ 120 ಎಲ್ಲಿ ಹೋಯಿತು ಎಂದು ಕೇಳಿದೆ. ಅವರು ತಂತಿ ಸುತ್ತುವ ಕೈ ನಿಲ್ಲಿಸದೆ, ‘ಅದು ಮುಂದೆ ಓಡುತ್ತದೆ, ಇದು ಹಿಂದೆ ಅಟ್ಟಿಸಿಕೊಂಡು ಹೋಗುತ್ತದೆ. ಹಿಡಿದುಬಿಟ್ಟರೆ ಆಮೇಲೆ ಎಳೆತ ಎಲ್ಲಿರುತ್ತದೆ?’ ಎಂದರು. ಏಳನೆಯ ತರಗತಿಯವರೆಗೆ ಓದಿದ ಮನುಷ್ಯ. ಇಂಡಕ್ಷನ್ ಮೋಟಾರಿನಲ್ಲಿ ಕಾಂತಕ್ಷೇತ್ರಕ್ಕಿಂತ ರೋಟರ್ ಹಿಂದೆ ಬೀಳುವ ಈ ಸ್ಲಿಪ್ಪನ್ನು ಇದಕ್ಕಿಂತ ಚೆನ್ನಾಗಿ ಹೇಳಿದವರನ್ನು ನಾನು ನೋಡಿಲ್ಲ.

ಲಾಳಿಯ ಮನೆಯಿಂದ ಬಂದವಳು

ಇಷ್ಟು ಹೊತ್ತು ಅಪ್ಪ, ಅಪ್ಪ ಎಂದೆ. ಎಲ್ಲರೂ ಹೀಗೆಯೇ ಹೇಳುತ್ತಾರೆ. ರೈಟ್ ಸಹೋದರರ ಕತೆಯಲ್ಲಿ 1878ರಲ್ಲಿ ತಂದೆ ಮಿಲ್ಟನ್ ರೈಟ್ ತಂದುಕೊಟ್ಟ ಆಟಿಕೆಯ ಹೆಲಿಕಾಪ್ಟರ್ ತಪ್ಪದೆ ಬರುತ್ತದೆ: ಬಿದಿರು, ಬೆಂಡು, ಕಾಗದ, ತಿರುಚಿದ ರಬ್ಬರ್. ಆದರೆ ಆ ಮನೆಯಲ್ಲಿ ಕೈಯಲ್ಲಿ ಕಸುಬಿದ್ದದ್ದು ತಾಯಿ ಸೂಸನ್‌ಗೆ. ಆಕೆ ಗಾಡಿ ಮಾಡುವವನ ಮಗಳು. ಅಪ್ಪನ ಕಾರ್ಖಾನೆಯಲ್ಲಿ ಉಪಕರಣ ಹಿಡಿದು ಬೆಳೆದವಳು. ಮಕ್ಕಳಿಗೆ ಹಿಮದ ಮೇಲೆ ಜಾರುವ ಗಾಡಿಯನ್ನು ತಾನೇ ಮಾಡಿಕೊಟ್ಟವಳು. ಏನನ್ನಾದರೂ ಮಾಡುವಾಗ ತೊಡಕಾದರೆ ಹುಡುಗರು ಹೋಗುತ್ತಿದ್ದದ್ದು ಆಕೆಯ ಬಳಿಗೆ. 1889ರಲ್ಲಿ ಕ್ಷಯದಿಂದ ತೀರಿಕೊಂಡಳು. 1903ರ ಹಾರಾಟ ನೋಡಲಿಲ್ಲ. ಕೊಂಡು ತಂದ ಆಟಿಕೆ ಕತೆಯಾಯಿತು, ಮನೆಯಲ್ಲೇ ಇದ್ದ ಕೈ ಅಡಿಟಿಪ್ಪಣಿಯಾಯಿತು.

ನಮ್ಮ ಅಮ್ಮ ಮೊಳಕಾಲ್ಮೂರಿನವಳು. ರೇಷ್ಮೆ ಸೀರೆಯ ಊರು. ಅಜ್ಜನ ಮನೆಯಲ್ಲಿ ಕುಣಿಮಗ್ಗ. ನಾಲ್ಕನೆಯ ತರಗತಿಗೆ ಶಾಲೆ ಬಿಡಿಸಿ ಅವಳನ್ನು ರಾಟೆಯ ಮುಂದೆ ಕೂರಿಸಿದ್ದರು. ಮಗ್ಗದಲ್ಲಿ ಆಚೀಚೆ ಓಡುವ ಲಾಳಿಯೊಳಗೆ ಹೋಗುವ ಕಂಡಿಕೆಗೆ ಎಳೆ ಸುತ್ತುವುದು ಅವಳ ಕೆಲಸ. ಬಿಗಿಯಾದರೆ ನೇಯುವಾಗ ಹರಿಯುತ್ತದೆ, ಸಡಿಲಾದರೆ ಸಿಕ್ಕಾಗುತ್ತದೆ. ಎಷ್ಟು ಎಳೆಯಬೇಕು ಎಂಬುದು ಹೆಬ್ಬೆರಳು ತೋರುಬೆರಳುಗಳಿಗೆ ಮಾತ್ರ ಗೊತ್ತು. ಆಂಧ್ರದ ಗಡಿ ಕೈಗೆಟುಕುವ ಊರಾದ್ದರಿಂದ ಆ ಬೀದಿಯಲ್ಲಿ ತೆಲುಗು ಓಡಾಡುತ್ತಿತ್ತು. ಅಮ್ಮ ಮನೆಯಲ್ಲಿ ಕನ್ನಡ ಮಾತಾಡಿದರೂ ಎಣಿಸುವುದು ತೆಲುಗಿನಲ್ಲಿ, ತುಟಿಯೊಳಗೇ. ಮದುವೆಯಾಗಿ ಚಳ್ಳಕೆರೆಗೆ ಬಂದ ಮೇಲೆ ರೇಷ್ಮೆಯ ಜಾಗಕ್ಕೆ ತಾಮ್ರ ಬಂತು, ಅಷ್ಟೇ. ಮರದ ಅಚ್ಚಿನ ಮೇಲೆ ಅವಳು ಸುತ್ತಿದ ಕಾಯಿಲು ನೋಡಿದರೆ ಯಂತ್ರ ಸುತ್ತಿದೆ ಎನ್ನಬೇಕು. ಅಂಗಡಿಗೆ ಬಂದವರಿಗೆ ಅದು ಅಪ್ಪನ ಕೈಚಳಕ. ಅಪ್ಪ ಅಲ್ಲ ಎಂದದ್ದಿಲ್ಲ. ಹೌದು ಎಂದದ್ದನ್ನೂ ನಾನು ಕೇಳಿಲ್ಲ.

ಕೊಳವೆಬಾವಿಯೊಳಗೆ ಮುಳುಗುವ ಮೋಟಾರಿನ ವೈಂಡಿಂಗ್ ಬೇರೆ ತರಹದ್ದು. ಅದು ಉದ್ದನೆಯ ಕೊಳವೆ. ಅದರೊಳಗೆ ನೀರು ತುಂಬಿಯೇ ಓಡುವುದರಿಂದ ತಾಮ್ರದ ತಂತಿಗೆ ಪ್ಲಾಸ್ಟಿಕ್ ಹೊದಿಕೆ ಇರುತ್ತದೆ. ಕಾಯಿಲನ್ನು ಹೊರಗೆ ಸುತ್ತಿ ತಂದು ತುರುಕಲು ಬರುವುದಿಲ್ಲ. ತಂತಿಯನ್ನು ಒಂದೊಂದೇ ಸಲ ಸ್ಲಾಟಿನೊಳಗೆ ಈ ತುದಿಯಿಂದ ಆ ತುದಿಗೆ ದಾಟಿಸಿ, ಇನ್ನೊಂದು ಸ್ಲಾಟಿನಲ್ಲಿ ಹಿಂದಕ್ಕೆ ತರಬೇಕು. ಹೋಗಿ ಬಂದರೆ ಒಂದು ಸುತ್ತು. ಇದಕ್ಕೆ ಇಬ್ಬರು ಬೇಕು, ಎರಡು ತುದಿಗೆ. ರಾತ್ರಿ ಊಟವಾದ ಮೇಲೆ ಪಡಸಾಲೆಯಲ್ಲಿ ಮೋಟಾರನ್ನು ಚೀಲದ ಮೇಲೆ ಮಲಗಿಸಿ, ಒಂದು ತುದಿಗೆ ಅಮ್ಮ, ಇನ್ನೊಂದಕ್ಕೆ ನಾನು ಕೂರುತ್ತಿದ್ದೆವು. ಸಣ್ಣ ಬೆರಳು ಸ್ಲಾಟಿನ ಬಾಯಿಗೆ ಸಲೀಸು ಎಂಬುದು ನನ್ನ ಅರ್ಹತೆ. ಅವಳು ದೂಡುತ್ತಿದ್ದಳು, ನಾನು ಹಿಡಿದು ತಿರುಗಿಸಿ ಕಳಿಸುತ್ತಿದ್ದೆ. ‘ನನ್ನ ತವರಿನಲ್ಲಿ ಲಾಳಿ ಓಡುತ್ತದೆ, ಇಲ್ಲಿ ನಾವೇ ಲಾಳಿ’ ಎನ್ನುತ್ತಿದ್ದಳು. ನಾನು ಗಟ್ಟಿಯಾಗಿ ಕನ್ನಡದಲ್ಲಿ ಎಣಿಸಬೇಕು. ಆಚೆ ತುದಿಯಲ್ಲಿ ಅವಳ ತುಟಿಯೂ ಅಲುಗುತ್ತಿತ್ತು. ಪುಸ್ತಕಕ್ಕೆ ಹೋಗುತ್ತಿದ್ದದ್ದು ನನ್ನ ಲೆಕ್ಕ.

ನಾನು ಐದನೆಯ ತರಗತಿಯಲ್ಲಿದ್ದಾಗ ಒಂದು ಬೇಸಿಗೆಯಲ್ಲಿ ಈರುಳ್ಳಿ ಬೆಳೆಗಾರರೊಬ್ಬರ 5 ಎಚ್‌ಪಿ ಮೋಟಾರು ಬಂತು. 24 ಸ್ಲಾಟು, 12 ಕಾಯಿಲು, ಒಂದಕ್ಕೆ 36 ಸುತ್ತು. ಗಡ್ಡೆ ಕಟ್ಟುವ ಹೊತ್ತು. ಎರಡು ದಿನ ನೀರು ತಪ್ಪಿದರೆ ಬೆಳೆ ಹೋಯಿತು. ಒಂದೇ ರಾತ್ರಿಯಲ್ಲಿ ಮುಗಿಸಬೇಕಿತ್ತು. ಕೊನೆಯ ಕಾಯಿಲುಗಳಿಗೆ ಬರುವಷ್ಟರಲ್ಲಿ ನನ್ನ ಕಣ್ಣು ಎಳೆಯುತ್ತಿತ್ತು. ಮುಗಿದಾಗ ಉರುಳೆಯಲ್ಲಿ ತಂತಿ ಸ್ವಲ್ಪ ಹೆಚ್ಚೇ ಉಳಿದಿತ್ತು. ಉಳಿದದ್ದು ಲಾಭ ಎಂದುಕೊಂಡೆವೇ ಹೊರತು ಯಾಕೆ ಉಳಿಯಿತು ಎಂದು ಯಾರೂ ಕೇಳಲಿಲ್ಲ. ಕರೆಂಟು ಅಳೆಯುವ ಅಪ್ಪನ ಟಾಂಗ್ ಟೆಸ್ಟರನ್ನು ಯಾರೋ ಎರವಲು ಒಯ್ದಿದ್ದರು. ನೀರಿನ ಡ್ರಮ್ಮಿನಲ್ಲಿ ಮುಳುಗಿಸಿ ಒಂದು ನಿಮಿಷ ಓಡಿಸಿ, ಬೆಳಗ್ಗೆಯೇ ಕಳಿಸಿದರು.

ಮೂರನೆಯ ದಿನ ಆ ರೈತರು ಬಂದು ಬಾಗಿಲಲ್ಲಿ ನಿಂತರು. ಒಂದೇ ಫೇಸಿನ ಫ್ಯೂಸು ಮತ್ತೆ ಮತ್ತೆ ಹೋಗುತ್ತಿದೆ, ಮೋಟಾರು ಗುಂಯ್‌ಗುಡುತ್ತದೆ. ಅಪ್ಪ ಹೋಗಿ ಅಳೆದು ನೋಡಿದರು. ಎರಡು ಫೇಸುಗಳಿಗಿಂತ ಮೂರನೆಯದರಲ್ಲಿ ಆಂಪಿಯರ್ ಏರಿತ್ತು. 300 ಅಡಿ ಆಳ, ಅಂದರೆ 20 ಅಡಿಯ 15 ಕಬ್ಬಿಣದ ಪೈಪು. ಮೂರುಗಾಲು ನಿಲ್ಲಿಸಿ, ಚೈನ್ ಕಪ್ಪಿಯಲ್ಲಿ ಒಂದೊಂದೇ ಪೈಪು ಎತ್ತಿ ಬಿಚ್ಚಿ ಇಡಬೇಕು. ಎತ್ತುವವರ ಕೂಲಿಯನ್ನು ಅಪ್ಪನೇ ಕೊಟ್ಟರು. ಮೋಟಾರನ್ನು ಮನೆಗೆ ತಂದು ಆ ಫೇಸಿನ ಕಾಯಿಲುಗಳನ್ನು ಒಂದೊಂದಾಗಿ ಕತ್ತರಿಸಿ ಎಣಿಸಿದರು. ಒಂದನ್ನು ತಂದು ನನ್ನ ಮುಂದೆ ಹಾಕಿ, ‘ಎಣಿಸು’ ಎಂದರು.

ಎಣಿಸಿದೆ. 26. ಮತ್ತೆ ಎಣಿಸಿದೆ. 26. ನಿದ್ದೆಗಣ್ಣಿನಲ್ಲಿ ಹತ್ತೊಂಬತ್ತರ ನಂತರ ಮೂವತ್ತು ಎಂದಿದ್ದೆ. ಒಂದು ಇಡೀ ಹತ್ತು ಕಾಣೆಯಾಗಿತ್ತು. ಮೂರನೆಯ ಸಲ ಎಣಿಸುವಾಗ ಅಳು ಬಂದು ಸುತ್ತುಗಳು ಕಲಸಿಹೋದವು. ಅಪ್ಪ ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ‘ಪುಸ್ತಕದಲ್ಲಿ ಬರೆ’ ಎಂದರು. ಬರೆದೆ: ತಾರೀಖು, ಊರು, ‘ಒಂದು ಕಾಯಿಲು 26’. ಹೊರಗೆ ಜಗಲಿಯ ಮೇಲೆ ಕೂತಿದ್ದ ರೈತರಿಗೆ, ‘ನನ್ನ ಲೆಕ್ಕ ತಪ್ಪಿತ್ತು ಅಣ್ಣ, ರಾತ್ರಿಗೆ ಕೊಡುತ್ತೇನೆ’ ಎನ್ನುವುದು ಕೇಳಿಸಿತು. ಆಮೇಲೆ ಒಳಗೆ ಬಂದು, ಚೀಲ ಹಾಸಿ, ಮೋಟಾರು ಮಲಗಿಸಿ, ನನ್ನನ್ನು ಅದೇ ತುದಿಗೆ ಕೂರಿಸಿದರು.

ಅದೇ ತುದಿಗೆ. ಈ ವಾರವೆಲ್ಲ ನಾನು ಹಿಂದೆಮುಂದೆ ತಿರುಗಿಸಿ ನೋಡುತ್ತಿರುವುದು ಇದನ್ನೇ. ಅಂದು ಅವರು ನನ್ನನ್ನು ಎಬ್ಬಿಸಿ, ‘ಹೋಗಿ ಓದಿಕೋ’ ಎಂದಿದ್ದರೆ ಅದು ನ್ಯಾಯವೇ ಆಗುತ್ತಿತ್ತು; ಹತ್ತು ವರ್ಷದ ಹುಡುಗಿಯನ್ನು ರಾತ್ರಿ ಕೂರಿಸಿ ದುಡಿಸಿದ್ದೇ ತಪ್ಪು ಎಂದು ಇಂದು ಯಾರಾದರೂ ಹೇಳಿದರೆ ನಾನು ವಾದಿಸುವುದಿಲ್ಲ. ನನ್ನ ಮಗನನ್ನು ನಾನು ಹಾಗೆ ಕೂರಿಸಲಾರೆ. ಆದರೆ ತಪ್ಪಿದ ಕೈಗೆ ಮತ್ತೆ ತಂತಿ ಸಿಕ್ಕಿತು. ಆ ಮೋಟಾರು ಓಡಿತು, ಈರುಳ್ಳಿಗೆ ನೀರು ಹೋಯಿತು. ಲ್ಯಾಬಿನಲ್ಲಿ ಮಗನ ರೋಬೋಟು ಓಡದಿದ್ದರೆ ಯಾರ ಬೆಳೆಯೂ ಒಣಗುವುದಿಲ್ಲ. ಅದು ಒಳ್ಳೆಯದೇ. ಒಳ್ಳೆಯದರಲ್ಲಿಯೂ ಏನೋ ಒಂದು ಕಡಿಮೆ ಬೀಳುತ್ತದೆ. ಅದಕ್ಕೆ ಹೆಸರು ಕೊಡಲು ನನಗೆ ಬರುತ್ತಿಲ್ಲ.

ಒಂದೇ ಮನೆ, ಇಬ್ಬರು

ಇಷ್ಟೆಲ್ಲ ಬರೆದ ಮೇಲೆ ನನ್ನ ವಾದವನ್ನು ನಾನೇ ಕೆಡಿಸಬೇಕು. ನನಗೊಬ್ಬ ತಮ್ಮನಿದ್ದಾನೆ. ಅದೇ ಪಡಸಾಲೆ, ಅದೇ ಗೋಲಿ, ಅದೇ ವಾರ್ನಿಷ್ ವಾಸನೆ. ಅಂಗಡಿ ಅವನಿಗೆ ಎಂದು ಅಪ್ಪ ಮೊದಲಿನಿಂದಲೂ ನಿಶ್ಚಯಿಸಿದ್ದರು. ನಾನು ಹತ್ತನೆಯ ತರಗತಿ ಮುಗಿಸಿ ಎಲೆಕ್ಟ್ರಿಕಲ್ ಡಿಪ್ಲೊಮಾ ಸೇರುತ್ತೇನೆ ಎಂದಾಗ, ‘ಹುಡುಗಿ ಕಂಬ ಹತ್ತುತ್ತಾಳೆಯೇ?’ ಎಂದು ನಕ್ಕು ಕಾಮರ್ಸಿಗೆ ಸೇರಿಸಿದವರೂ ಅವರೇ. ತಮ್ಮನಿಗೆ ಮೋಟಾರು ಎಂದರೆ ಅಲರ್ಜಿ. ಅವನಿಗೆ ನೆನಪಿರುವುದು ಉಗುರಿನ ಸಂದಿಯ ಕಪ್ಪು, ಹಬ್ಬದ ದಿನವೂ ಬಾಗಿಲು ಬಡಿಯುವ ಗಿರಾಕಿ, ಅಪ್ಪನ ಕೆಮ್ಮು. ಈಗ ಔಷಧಿ ಅಂಗಡಿ ಇಟ್ಟಿದ್ದಾನೆ, ಚೆನ್ನಾಗಿದ್ದಾನೆ. ಮನೆಯ ಬಲ್ಬು ಬದಲಿಸಲೂ ಆಳನ್ನು ಕರೆಯುತ್ತಾನೆ. ಅವನ ನೆನಪುಗಳಲ್ಲಿ ಒಂದೂ ಸುಳ್ಳಲ್ಲ. ಬಾಲ್ಯದ ಪರಿಸರ ಮನುಷ್ಯನನ್ನು ರೂಪಿಸುತ್ತದೆ ಎಂದು ಹೇಳುವಾಗಲೆಲ್ಲ ನಾನು ಅವನ ಮುಖ ನೋಡುವುದಿಲ್ಲ. ಬಹುಶಃ ತನ್ನದಾಗುವುದು ಖಚಿತವಾಗಿದ್ದದ್ದನ್ನು ಅವನು ತಿರುಗಿಯೂ ನೋಡಲಿಲ್ಲ, ಸಿಗುವುದಿಲ್ಲ ಎಂದು ಗೊತ್ತಿದ್ದದ್ದಕ್ಕೆ ನಾನು ಜೋತುಬಿದ್ದೆ. ಅಥವಾ ಇದೂ ಬರೆಯಲು ಚೆಂದ ಎಂದು ಹೊಳೆದದ್ದಷ್ಟೇ.

ಮಗನ ವಿಷಯಕ್ಕೆ ಬಂದರೆ, ನಮ್ಮ ಮನೆಯಲ್ಲಿ ಅವನ ಕೈ ಬೇಕಾಗುವ ಕೆಲಸವೇ ಇಲ್ಲ. ಎಲ್ಲವೂ ಮುಚ್ಚಿದ ಡಬ್ಬಿಗಳು. ಮೊನ್ನೆ ಅವನ ಕಿವಿಯ ಇಯರ್‌ಫೋನ್ ಕೆಟ್ಟಾಗ ಇಬ್ಬರೂ ಸ್ಕ್ರೂ ಹುಡುಕಿದೆವು, ಅಂಟಿನಿಂದ ಕೂಡಿಸಿದ್ದರು. ‘ಒಡೆಯದೆ ಬಿಚ್ಚಲು ಆಗುವುದಿಲ್ಲ ಅಮ್ಮ’ ಎಂದು ಅವನೇ ತೀರ್ಪು ಕೊಟ್ಟ. 2016ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯಲ್ಲಿ ಒಂದೊಂದು ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನ ಕೊಟ್ಟಿದ್ದಾರೆ. ಆ ಹಣ ಸಾರ್ಥಕವೆಂದೇ ನನ್ನ ಅಭಿಪ್ರಾಯ, ತ್ರೀಡಿ ಪ್ರಿಂಟರ್ ಎಂದರೆ ನನಗೇ ಬಾಯಲ್ಲಿ ನೀರೂರುತ್ತದೆ. ಪೋಷಕರ ಸಭೆಯ ದಿನ ಇವನ ಶಾಲೆಯ ಲ್ಯಾಬನ್ನೂ ನೋಡಿಬಂದೆ. ಚೊಕ್ಕಟವಾದ ಕೋಣೆ. ಗಾಜಿನ ಬೀರುವಿನಲ್ಲಿ ಕಿಟ್‌ಗಳು, ಬೀರುವಿಗೆ ಬೀಗ, ಬೀಗದ ಪಕ್ಕದಲ್ಲಿ ‘ಅನುಮತಿಯಿಲ್ಲದೆ ಮುಟ್ಟಬಾರದು’ ಎಂಬ ಚೀಟಿ. ಆ ಚೀಟಿಯನ್ನು ಮಾತ್ರ ಯಾರೋ ಮಗು ಪೆನ್ನಿನಿಂದ ಗೀಚಿ ಗೀಚಿ ಒಂದು ಹಲ್ಲುಗಾಲಿಯ ಚಿತ್ರ ಬರೆದಿತ್ತು. ಆ ಮಗುವನ್ನು ಹುಡುಕಬೇಕು ಎನಿಸಿತು.

ನಿನ್ನೆ ಸಂಜೆ ಅರ್ಜಿಯನ್ನು ಮುಂದಿಟ್ಟುಕೊಂಡು ಅಮ್ಮನಿಗೆ ಫೋನು ಮಾಡಿದೆ. ಏನು ಬರೆಯಲಿ ಎಂದು ಕೇಳಿದೆ. ‘ನಿನ್ನ ಅಪ್ಪ ನಿನಗೆ ಚಿಕ್ಕಂದಿನಲ್ಲೇ ಎಲ್ಲ ಕಲಿಸಿದರು ಎಂದು ಬರೆ’ ಎಂದಳು. ಮಾತು ಈರುಳ್ಳಿ ಮೋಟಾರಿನ ಕಡೆ ಹೊರಳಿತು. ಆ ಒಂದು ಹತ್ತು ನನ್ನನ್ನು ಇಷ್ಟು ವರ್ಷ ಬಿಟ್ಟಿಲ್ಲ, ಬ್ಯಾಂಕಿನಲ್ಲಿ ನೋಟಿನ ಕಟ್ಟನ್ನು ಯಂತ್ರ ಎಣಿಸಿದ ಮೇಲೂ ಕೈಯಲ್ಲಿ ಒಮ್ಮೆ ಎಣಿಸುತ್ತೇನೆ ಎಂದು ಹೇಳಿ ನಕ್ಕೆ. ಅಮ್ಮ ನಗಲಿಲ್ಲ.

‘ಆ ಕಾಯಿಲಿಗೆ ನನಗೆ ಇರವೈ ಆರೇ ಬಂದಿತ್ತು’ ಎಂದಳು.

ನನಗೆ ಮೊದಲು ಅರ್ಥವಾಗಲಿಲ್ಲ. ಇಪ್ಪತ್ತಾರು. ‘ಅಂದೇ ಗೊತ್ತಿತ್ತೇ? ಆಗಲೇ ಹೇಳಬಾರದಿತ್ತೇ?’ ಎಂದೆ.

‘ನೀನು ಗಟ್ಟಿಯಾಗಿ ಮೂವತ್ತಾರು ಎಂದೆ. ನೀನು ಶಾಲೆಗೆ ಹೋಗುವವಳು. ನಾನೇ ಎಲ್ಲೋ ಒಂದು ಹತ್ತು ಬಿಟ್ಟಿರಬೇಕು ಎಂದುಕೊಂಡೆ.’

‘ಆಮೇಲೆ ಬಿಚ್ಚಿ ಎಣಿಸಿದಾಗಲಾದರೂ ಅಪ್ಪನಿಗೆ ಹೇಳಬಹುದಿತ್ತಲ್ಲ, ಅಮ್ಮ?’

‘ಅವರು ಕೇಳಿದ್ದು ನಿನ್ನನ್ನು.’

ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಆ ಕಡೆ ಕುಕ್ಕರ್ ಕೂಗಿದ್ದು ಕೇಳಿಸಿತು. ‘ನಾಲ್ಕಾಯಿತು, ಅಮ್ಮ, ಒಲೆ ಆರಿಸು’ ಎಂದೆ.

‘ಇಲ್ಲ, ಮೂರು’ ಎಂದು ಫೋನಿಟ್ಟಳು.